ಡಾಟ್ ಕಾಮ್, ಡಾಟ್ ಇನ್, ಡಾಟ್ ಶಾಪ್: ದುಡ್ಡು ಕಟ್ಟೋಕೆ ಮುಂಚೆ ಎರಡನೇ ವರ್ಷದ ರೇಟ್ ನೋಡಿ

99 ರೂಪಾಯಿಗೆ ಡೊಮೈನ್ (ಅಂದ್ರೆ ವೆಬ್‌ಸೈಟ್ ವಿಳಾಸ) ಅಂತ ಜಾಹೀರಾತು ನೋಡಿ ಕಾರ್ಡ್ ಕೈಗೆ ತಗೊಂಡಿರೋರು ಒಂದ್ನಿಮಿಷ ನಿಲ್ಲಿ. ಯಾವ ಕಂಪನಿ ಹತ್ರ ತಗೋಬೇಕು ಅಂತ ಎಲ್ರೂ ಕೇಳ್ತಾರೆ, ಅದು ಅಷ್ಟು ದೊಡ್ಡ ವಿಷಯ ಅಲ್ಲ, ಕಂಪನೀನ ಆಮೇಲೂ ಬದಲಾಯಿಸ್ಬಹುದು. ಆದ್ರೆ ಹೆಸರಾದ್ಮೇಲೆ ಚುಕ್ಕೆ ಇಟ್ಟು ಬರೋ ಬಾಲ ಇದ್ಯಲ್ಲ, ಕಾಮ್, ಇನ್, ಶಾಪ್ ಅಂತ, ಅದನ್ನ ಬದಲಾಯಿಸೋಕೆ ಹೋದ್ರೆ ಬೋರ್ಡು, ಬಿಲ್ ಬುಕ್ಕು, ಪ್ಯಾಕೆಟ್ ಮೇಲಿನ ಸ್ಟಿಕ್ಕರ್ರು, ಮೇಲ್ ಐಡಿ ಎಲ್ಲಾ ಹೊಸದಾಗಿ ಮಾಡ್ಬೇಕು. ಸಣ್ಣ ಅಂಗಡಿಯವ್ರಿಗೆ, ಮನೇಲೇ ತಿಂಡಿ ಮಾಡಿ ಮಾರೋರಿಗೆ ವೆಬ್‌ಸೈಟ್ ಮಾಡಿಕೊಡೋದು ನನ್ನ ಕೆಲಸ, ಹಾಗಾಗಿ ಈ ಬಾಲಗಳಿಗೇ ಒಂದೊಂದಾಗಿ ಮಾರ್ಕ್ಸ್ ಕೊಡ್ತೀನಿ.

ಮೊದಲು ಒಂದು ಮಾತು. ಡೊಮೈನ್ ಕೊಂಡ್ಕೊಂಡೆ ಅಂತೀವಿ, ಆದ್ರೆ ಅದು ಬಾಡಿಗೆ ಮನೆ ಇದ್ದಂಗೆ, ಹೆಚ್ಚಂದ್ರೆ ಒಂದೇ ಸಲಕ್ಕೆ ಹತ್ತು ವರ್ಷದ್ದು ಕಟ್ಬಹುದು ಅಷ್ಟೇ. ನಾವು ದುಡ್ಡು ಕಟ್ಟೋ ಕಂಪನಿ ಬರೀ ಮಧ್ಯದವ್ನು, ಪ್ರತಿ ಬಾಲಕ್ಕೂ ಹಿಂದೆ ಬೇರೆ ಮಾಲೀಕ ಇರ್ತಾನೆ, ಅವ್ನಿಗೆ ರಿಜಿಸ್ಟ್ರಿ ಅಂತಾರೆ. ಆ ಮಾಲೀಕ ಯಾರು, ಅವ್ನು ರೇಟ್ ಎಷ್ಟು ಏರಿಸ್ಬಹುದು, ಇವೆರಡು ಗೊತ್ತಾದ್ರೆ ಅರ್ಧ ಕೆಲಸ ಮುಗೀತು.

ಡಾಟ್ ಕಾಮ್, 5ಕ್ಕೆ ನಾಲ್ಕೂವರೆ. 1985ರಿಂದ ಇದೆ, ಮಾಲೀಕ ವೆರಿಸೈನ್. ಮಧ್ಯದವ್ರಿಗೆ ಅವ್ರು ಕೊಡೋ ಸಗಟು ರೇಟು 2024ರ ಸೆಪ್ಟೆಂಬರ್‌ನಲ್ಲಿ 10.26 ಡಾಲರ್ ಆಯ್ತು, ಅಮೆರಿಕ ಸರ್ಕಾರದ ಜೊತೆ ಒಪ್ಪಂದ ಇರೋದ್ರಿಂದ ಮನಸಿಗೆ ಬಂದಷ್ಟು ಏರಿಸೋಕಾಗಲ್ಲ. ಈಗ ನೀವೇ ಲೆಕ್ಕ ಹಾಕಿ, ಸಗಟಲ್ಲೇ ಎಂಟ್ನೂರು ಒಂಬೈನೂರು ರೂಪಾಯಿ ಬೀಳೋ ಮಾಲನ್ನ 99ಕ್ಕೆ ಹೆಂಗೆ ಕೊಡ್ತಾರೆ? ಕೊಡಲ್ಲ. ಒಂದೋ ಎರಡು ಮೂರು ವರ್ಷಕ್ಕೆ ಒಟ್ಟಿಗೆ ತಗೊಳ್ಳಿ ಅಂತ ಕಾರ್ಟ್‌ನಲ್ಲಿ ಸೇರಿಸಿರ್ತಾರೆ, ಇಲ್ಲಾ ಮುಂದಿನ ವರ್ಷ ರಿನ್ಯೂವಲ್‌ನಲ್ಲಿ ವಸೂಲಿ ಮಾಡ್ತಾರೆ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ. ಅರ್ಧ ಮಾರ್ಕ್ ಕಟ್ ಮಾಡಿದ್ದು ಯಾಕಂದ್ರೆ ಒಳ್ಳೆ ಹೆಸರುಗಳೆಲ್ಲ ಯಾರೋ ಆಗ್ಲೇ ಹಿಡ್ಕೊಂಡು ಕೂತಿದಾರೆ, ಕೇಳಿದ್ರೆ ಲಕ್ಷದಲ್ಲಿ ಮಾತಾಡ್ತಾರೆ.

ಡಾಟ್ ಇನ್, ಸಣ್ಣ ವ್ಯಾಪಾರಕ್ಕೆ ನನ್ನ ಕಡೆಯಿಂದ 5ಕ್ಕೆ 5. ಇದನ್ನ ನೋಡ್ಕೊಳ್ಳೋದು ನಿಕ್ಸಿ, ನಮ್ಮ ದೇಶದ್ದೇ ಸಂಸ್ಥೆ. 2005ರಲ್ಲಿ ನಿಯಮ ಸಡಿಲ ಮಾಡಿ ಯಾರು ಬೇಕಾದ್ರೂ ತಗೋಬಹುದು ಅಂತ ಮಾಡಿದ್ರು, ಅದಕ್ಕೆ ಮುಂಚೆ ಸಾಮಾನ್ಯರ ಕೈಗೆ ಸುಲಭಕ್ಕೆ ಸಿಕ್ತಿರ್ಲಿಲ್ಲ. ರಿನ್ಯೂವಲ್ಲು ಸಾಮಾನ್ಯವಾಗಿ ಕಾಮ್‌ಗಿಂತ ಕಮ್ಮಿ, ಸಿರ್ಸಿಯಿಂದ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸೋರಿಗೆ ಗಿರಾಕಿ ಇರೋದು ಬೆಂಗ್ಳೂರು ಮುಂಬೈ ಪುಣೆಲಿ, ಅವ್ರಿಗೆ ಇಂಡಿಯಾದ ವಿಳಾಸ ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ. ಡಾಟ್ ಕೋ ಡಾಟ್ ಇನ್ ಕೂಡ ಇದೇ ಮನೆತನದ್ದು, ತಪ್ಪೇನಿಲ್ಲ, ಆದ್ರೆ ಫೋನಲ್ಲಿ ಹೇಳುವಾಗ ಗಿರಾಕಿ ಅರ್ಧ ಬಿಟ್ಟು ಟೈಪ್ ಮಾಡ್ತಾರೆ. ಡಾಟ್ ಇನ್ ತಗೋವಾಗ ಸರಿಯಾದ ಹೆಸರು ವಿಳಾಸಾನೇ ಕೊಡಿ, ಬೇರೆಯವ್ರ ಹೆಸರಿನ ಹಿಂದೆ ಬಚ್ಚಿಟ್ಕೊಳ್ಳೋ ಪ್ರಾಕ್ಸಿ ಸೇವೆಗೆ ಇಲ್ಲಿ ಅವಕಾಶ ಇಲ್ಲ.

ಇನ್ ಒಳಗೇ ದುಡ್ಡು ಕೊಟ್ರೂ ಸಿಗದೇ ಇರೋವು ಇವೆ. ಗವ್ ಡಾಟ್ ಇನ್ ಸರ್ಕಾರಕ್ಕೆ ಮಾತ್ರ, ಎಸಿ ಡಾಟ್ ಇನ್ ಕಾಲೇಜು ವಿಶ್ವವಿದ್ಯಾಲಯಗಳಿಗೆ. ಈಗ ಬ್ಯಾಂಕ್ ಡಾಟ್ ಇನ್ ಬಂದಿದೆ, 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳೆಲ್ಲ ಇದಕ್ಕೇ ಬರ್ಬೇಕು ಅಂತ ರಿಸರ್ವ್ ಬ್ಯಾಂಕ್ ಗಡುವು ಹಾಕಿತ್ತು. ನೀವು ಡೊಮೈನ್ ತಗೊಳ್ದೇ ಇದ್ರೂ ಇದನ್ನ ಮನೇಲಿರೋ ಅಪ್ಪ ಅಮ್ಮಂಗೆ ಹೇಳಿಕೊಡಿ. ವಿಳಾಸನ ಬಲಗಡೆಯಿಂದ ಓದ್ಬೇಕು, ಶುರುವಿನ // ಬಿಟ್ಟು ಆಮೇಲೆ ಬರೋ ಮೊದಲನೇ ಓರೆ ಗೀಟಿಗೆ (/) ಮುಂಚೆ ಕೊನೇಲಿ ಏನಿದೆ, ಅದರ ಎಡಕ್ಕೆ ಅಂಟ್ಕೊಂಡಿರೋ ಹೆಸರು ಯಾವ್ದು ಅಂತ ನೋಡ್ಬೇಕು. ಶುರುವಲ್ಲಿ ಬ್ಯಾಂಕ್ ಹೆಸರು ಇದ್ದು ಕೊನೇಲಿ ಡಾಟ್ ಎಕ್ಸ್‌ವೈಜೆಡ್ ಇದ್ರೆ ಆ ಲಿಂಕ್ ಮುಟ್ಲೇಬೇಡಿ.

ಡಾಟ್ ಆರ್ಗ್ 5ಕ್ಕೆ 4, ಟ್ರಸ್ಟು, ಸಂಘ, ಯಕ್ಷಗಾನ ಮಂಡಳಿ ಇಂಥವಕ್ಕೆ ಚೆನ್ನಾಗಿ ಒಪ್ಪುತ್ತೆ. ಆದ್ರೆ ಆರ್ಗ್ ಅಂದ ತಕ್ಷಣ ಸೇವಾ ಸಂಸ್ಥೆ ಅಂತ ನಂಬ್ಬೇಡಿ, ಯಾರು ಬೇಕಾದ್ರೂ ತಗೋಬಹುದು, ದಾಖಲೆ ಏನೂ ಕೇಳಲ್ಲ. ಡಾಟ್ ನೆಟ್ ಬಗ್ಗೆ ಹೇಳೋಕೆ ಏನಿಲ್ಲ, ಕಾಮ್ ಸಿಗ್ಲಿಲ್ಲ ಅಂತ ತಗೊಳ್ಳೋದು, 3.

ಈಗ ಅಸಲಿ ತಲೆನೋವು. ಶಾಪ್, ಸ್ಟೋರ್, ಆನ್‌ಲೈನ್, ಸೈಟ್, ಎಕ್ಸ್‌ವೈಜೆಡ್, ಈ ಹೊಸ ಬಾಲಗಳು. 2012ರಲ್ಲಿ ಐಕ್ಯಾನ್, ಅಂದ್ರೆ ಇಂಟರ್ನೆಟ್ ಹೆಸರುಗಳನ್ನ ನೋಡ್ಕೊಳ್ಳೋ ಸಂಸ್ಥೆ, ಹೊಸ ಬಾಲಗಳಿಗೆ ಬಾಗಿಲು ತೆಗೆದಾಗ ಒಂದೊಂದು ಬಾಲಕ್ಕೆ ಅರ್ಜಿ ಶುಲ್ಕಾನೇ 1,85,000 ಡಾಲರ್ ಇತ್ತು, ಆದ್ರೂ 1,930 ಅರ್ಜಿ ಬಂದ್ವು. ಅಷ್ಟು ಸುರಿದವ್ರು ಸುಮ್ನೆ ಇರ್ತಾರಾ? ಮೊದಲ ವರ್ಷ ಕಡ್ಲೆಪುರಿ ರೇಟು, ಎರಡನೇ ವರ್ಷ ಮೂರು ಸಾವಿರದ ಆಸುಪಾಸು ಬಿಲ್ ಬಂದಿದ್ದನ್ನ ಗಿರಾಕಿಗಳ ಕೈಲಿ ನೋಡಿದೀನಿ. ಕಾಮ್‌ಗೆ ಇರೋ ಥರ ಬೆಲೆ ಮಿತಿ ಇವಕ್ಕಿಲ್ಲ, ಆರು ತಿಂಗಳು ಮುಂಚೆ ಮಧ್ಯದವ್ರಿಗೆ ತಿಳಿಸಿ ಎಷ್ಟು ಬೇಕಾದ್ರೂ ಏರಿಸ್ಬಹುದು. ಅದರಲ್ಲೂ ಪ್ರೀಮಿಯಂ ಅಂತ ಪಕ್ಕದಲ್ಲಿ ಚೀಟಿ ಇದ್ರೆ ಹುಷಾರು, ಕೆಲವಕ್ಕೆ ಮೊದಲ ವರ್ಷ ಮಾತ್ರ ಅಲ್ಲ ವರ್ಷಾ ವರ್ಷಾನೂ ಅದೇ ದುಬಾರಿ ರೇಟು. ಒಟ್ಟಾರೆ 2. ಆದ್ರೆ ಡಾಟ್ ಆಪ್, ಡಾಟ್ ಡೆವ್ ಗೂಗಲ್ ಕೈಲಿವೆ, ಎಚ್‌ಟಿಟಿಪಿಎಸ್ ಅನ್ನೋ ಸುರಕ್ಷಿತ ಸಂಪರ್ಕ ಇಲ್ದೆ ಬ್ರೌಸರ್‌ನಲ್ಲಿ ತೆರ್ಕೊಳ್ಳೋದೇ ಇಲ್ಲ, ಪ್ರೋಗ್ರಾಮರ್‌ಗಳಿಗೆ ಪರ್ವಾಗಿಲ್ಲ, ಮೂರೂವರೆ.

ಸ್ಟಾರ್ಟಪ್ ಹುಡುಗ್ರಿಗೆ ಡಾಟ್ ಎಐ, ಡಾಟ್ ಐಒ ಹುಚ್ಚು. ಇವು ದೇಶಗಳ ಬಾಲ. ಎಐ ಅಂದ್ರೆ ಅಂಗ್ವಿಲ್ಲ, ಕೆರಿಬಿಯನ್‌ನ ಪುಟ್ಟ ದ್ವೀಪ, ಕಮ್ಮಿ ಅಂದ್ರೂ ಎರಡು ವರ್ಷಕ್ಕೆ ಒಟ್ಟಿಗೆ ಕಟ್ಟಿಸ್ಕೊಳ್ತಾರೆ, ರೇಟು ಕಾಮ್‌ಗಿಂತ ಎಷ್ಟೋ ಪಟ್ಟು. ಐಒ ಬ್ರಿಟಿಷ್ ಇಂಡಿಯನ್ ಓಷನ್ ಟೆರಿಟರಿಯದ್ದು, ಅಂದ್ರೆ ಚಾಗೋಸ್ ದ್ವೀಪಗಳು, ಅವನ್ನ ಮಾರಿಷಸ್‌ಗೆ ಬಿಟ್ಟುಕೊಡೋ ಒಪ್ಪಂದಕ್ಕೆ ಬ್ರಿಟನ್ 2025ರ ಮೇ ತಿಂಗಳಲ್ಲಿ ಸಹಿ ಹಾಕಿತು. ಆ ಪ್ರದೇಶವೇ ಇಲ್ಲ ಅಂತಾದ್ರೆ ಅದರ ಬಾಲದ ಗತಿ ಏನು ಅನ್ನೋ ಪ್ರಶ್ನೆ ಈಗ. ಯಾವುದೋ ಸಮುದ್ರದ ರಾಜಕೀಯಕ್ಕೂ ಕೋರಮಂಗಲದ ಆಪ್ ವಿಳಾಸಕ್ಕೂ ಗಂಟು ಬೀಳೋದು ಅಂದ್ರೆ ಇದೇ. ಫ್ರೀ ಅಂತ ಡಾಟ್ ಟಿಕೆ, ಡಾಟ್ ಎಂಎಲ್ ಹಂಚ್ತಿದ್ದ ಫ್ರೀನಾಮ್ ಕಂಪನಿ, ಮೋಸದ ಸೈಟ್‌ಗಳ ವಿಷಯಕ್ಕೆ ಫೇಸ್‌ಬುಕ್‌ನ ಮೆಟಾ ಕಂಪನಿ ಕೇಸ್ ಹಾಕಿದ ಮೇಲೆ, 2023ರಲ್ಲಿ ಹೊಸದು ಕೊಡೋದನ್ನೇ ನಿಲ್ಲಿಸ್ತು. ಫ್ರೀ ಬಾಲಕ್ಕೆ ಸೊನ್ನೆ.

ಕನ್ನಡದಲ್ಲೇ ವಿಳಾಸ ಬೇಕು ಅನ್ನೋರಿಗೆ ಡಾಟ್ ಭಾರತ ಇದೆ, ಹೆಸರೂ ಕನ್ನಡ ಬಾಲಾನೂ ಕನ್ನಡ. ನಂಗೆ ತುಂಬಾ ಇಷ್ಟ, ಅಪ್ಪೆಮಿಡಿನ ಇಂಗ್ಲಿಷಲ್ಲಿ ಒಂದು ಪಿ ಹಾಕ್ಬೇಕಾ ಎರಡಾ ಅನ್ನೋ ಜಗಳಾನೇ ಇರಲ್ಲ. ಆದ್ರೆ ಒಳಗಡೆ ಕಂಪ್ಯೂಟರ್ ಇದನ್ನ ಎಕ್ಸ್‌ಎನ್ ಅಂತ ಶುರುವಾಗೋ ಇಂಗ್ಲಿಷ್ ಅಕ್ಷರಗಳಾಗಿ ಮಾಡ್ಕೊಳ್ಳುತ್ತೆ, ಲಿಂಕ್ ಕಾಪಿ ಮಾಡಿ ಕಳಿಸಿದ್ರೆ ಕೆಲವು ಕಡೆ ಆ ಗೋಜಲೇ ಕಾಣುತ್ತೆ, ಆ ಹೆಸರಲ್ಲಿ ಮೇಲ್ ಐಡಿ ಮಾಡಿದ್ರೆ ಎಷ್ಟೋ ಫಾರಂಗಳು ತಗೊಳ್ಳಲ್ಲ. ಹಾಗಾಗಿ ಮುಖ್ಯ ವಿಳಾಸ ಡಾಟ್ ಇನ್ ಇಟ್ಕೊಂಡು ಕನ್ನಡದ್ದನ್ನ ಅದಕ್ಕೆ ತಿರುಗಿಸಿಬಿಡಿ, ಬೋರ್ಡ್ ಮೇಲೆ ಚಂದ ಕಾಣುತ್ತೆ. ಪ್ರೀತಿಗೆ 5, ಉಪಯೋಗಕ್ಕೆ 3.

ತಗೊಂಡಾದ್ಮೇಲೆ ಒಂದೇ ಒಂದು ಚೆಕ್ ಮಾಡ್ಕೊಳ್ಳಿ, ಅಕೌಂಟ್ ನಿಮ್ಮ ಮೇಲ್ ಐಡಿಲಿ ಇದೆಯಾ ಅಂತ. ಎಷ್ಟೋ ಕಡೆ ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಹೆಸರಲ್ಲೇ ಡೊಮೈನ್ ಇರುತ್ತೆ, ಅವ್ನು ದುಬೈಗೋ ಪುಣೆಗೋ ಹೋದ್ಮೇಲೆ ರಿನ್ಯೂವಲ್ ಮೇಲು ಅವ್ನಿಗೇ ಹೋಗುತ್ತೆ. ಕಾಮ್ ಅವಧಿ ಮುಗಿದ್ರೆ ಸ್ವಲ್ಪ ದಿನ ಮಾಮೂಲಿ ರೇಟಲ್ಲೇ ವಾಪಸ್ ತಗೋಬಹುದು, ಆಮೇಲೆ 30 ದಿನ ರಿಡೆಂಪ್ಶನ್ ಅಂತ ಭಾರೀ ದಂಡ, ಆಮೇಲೆ 5 ದಿನ ಕಾದು ಡಿಲೀಟ್, ಅಷ್ಟೊತ್ತಿಗೆ ಅದನ್ನ ಹಿಡ್ಕೊಳ್ಳೋಕೆ ಸಾಫ್ಟ್‌ವೇರ್ ಹಾಕಿ ಕಾಯ್ತಿರೋರು ಇರ್ತಾರೆ. ಕಂಪನಿ ಬದಲಾಯಿಸ್ಬೇಕು ಅನ್ಸಿದ್ರೆ ಆಥ್ ಕೋಡ್ (ಡೊಮೈನ್‌ನ ಬೇರೆ ಕಂಪನಿಗೆ ಒಯ್ಯೋಕೆ ಬೇಕಾದ ಗುಟ್ಟಿನ ಕೋಡ್) ಕೇಳಿ ತಗೊಳ್ಳಿ, ಅದನ್ನ ಕೊಡಲ್ಲ ಅನ್ನೋ ಹಕ್ಕು ಅವ್ರಿಗಿಲ್ಲ, ಆದ್ರೆ ಕಾಮ್‌ನಂಥವಕ್ಕೆ ತಗೊಂಡ ಮೊದಲ 60 ದಿನ ಸಾಮಾನ್ಯವಾಗಿ ಲಾಕ್ ಆಗಿರುತ್ತೆ, ಅದು ಮುಗಿಯೋ ತನಕ ಕಾಯ್ಲೇಬೇಕು.