ಸಿಇಟಿಯೋ, ಜೆಇಇ ಮೇನ್ ಪರೀಕ್ಷೆಯೋ?

ಪಿಯುಸಿ ಮುಗಿಸಿ ಇಂಜಿನಿಯರಿಂಗ್ ಓದುವ ಆಸೆಯೇ? ರಾಜ್ಯದ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ರ‍್ಯಾಂಕ್‌ನಲ್ಲಿ ಅರ್ಧ ಪಾಲು ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳದ್ದು. ಬೋರ್ಡ್ ಪರೀಕ್ಷೆಗೆ ಓದಿದ್ದು ಸುಮ್ನೆ ಹೋಗುವುದಿಲ್ಲ, ಅಲ್ವಾ? ನನಗೆ ಇದೇ ದೊಡ್ಡ ಅನುಕೂಲ ಅನಿಸುತ್ತದೆ.

ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯಾದ ಜೆಇಇ ಮೇನ್‌ನಲ್ಲಿ ಮೂರೂ ವಿಷಯ ಸೇರಿ 75 ಪ್ರಶ್ನೆ, 3 ಗಂಟೆ, ಕಂಪ್ಯೂಟರ್ ಮುಂದೆ. ಸರಿಯಾದರೆ 4 ಅಂಕ, ತಪ್ಪಾದರೆ 1 ಕಡಿತ. ಲೆಕ್ಕಗಳೂ ಜಾಸ್ತಿ ಕಷ್ಟ. ಜನವರಿ, ಏಪ್ರಿಲ್‌ನಲ್ಲಿ ಎರಡು ಅವಕಾಶ. ಕನ್ನಡದಲ್ಲೂ ಬರೆಯಬಹುದು.

ಸುರತ್ಕಲ್‌ನ ಎನ್‌ಐಟಿಕೆಯಂಥ ಕೇಂದ್ರ ಸರ್ಕಾರದ ಇಂಜಿನಿಯರಿಂಗ್ ಕಾಲೇಜು ಬೇಕೆಂದರೆ ಜೆಇಇ ಬರೆಯಲೇಬೇಕು. ತಯಾರಿ ಪ್ರಥಮ ಪಿಯುಸಿಯಲ್ಲೇ ಶುರುವಾಗಲಿ. ರಾಜ್ಯದ ಬೇರೆ ಕಾಲೇಜು ಸಾಕು ಎನ್ನುವವರು ಬೋರ್ಡ್ ಓದಿನ ಜೊತೆ ಸಿಇಟಿಗೇ ಗಮನ ಕೊಡಿ.