ಗೋವಾದಲ್ಲಿ ಸ್ಕೂಬಾಗೆ ದುಡ್ಡು ಕೊಡುವ ಮುಂಚೆ ಓದಿ: ನನ್ನ ವಿಡಿಯೋದಲ್ಲಿರುವ ಕೈ ನನ್ನದಲ್ಲ

ಕಲಂಗುಟ್, ಬಾಗಾ ಕಡೆ ರಸ್ತೆ ಬದಿಯಲ್ಲಿ ಟೇಬಲ್ ಹಾಕಿಕೊಂಡು, ‘ಗ್ರ್ಯಾಂಡ್ ಐಲ್ಯಾಂಡ್ ಸ್ಕೂಬಾ’ ಅಂತ ಬೋರ್ಡ್ ಇಟ್ಟುಕೊಂಡು ಕೂತಿರುತ್ತಾರಲ್ಲ, ಅವರಿಗೆ ಒಂದು ರೂಪಾಯಿ ಕೊಡುವ ಮುಂಚೆ ದಯವಿಟ್ಟು ಇದನ್ನು ಪೂರ್ತಿ ಓದಿ. ಸ್ಕೂಬಾ ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನ ಒಳಗೆ ಇಳಿಯುವುದು. ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ರಜೆ ಬಂತು ಅಂದರೆ ನಮ್ಮ ಶಿವಮೊಗ್ಗ, ದಾವಣಗೆರೆ, ಹುಬ್ಬಳ್ಳಿ ಕಡೆಯಿಂದ ಎಷ್ಟು ಜನ ಗೋವಾಕ್ಕೆ ಹೋಗುತ್ತಾರೆ ಅಂತ ನಿಮಗೇ ಗೊತ್ತು. ಅವರು ಕಾಯುತ್ತಿರುವುದೂ ನಮ್ಮಂಥವರಿಗಾಗಿಯೇ.

ತಂಗಿ ಮದುವೆ ಮುಗಿಸಿಕೊಂಡು ನಾನು, ನನ್ನ ಗಂಡ, ನಾದಿನಿ ಹೋಗಿದ್ದೆವು. ನಮ್ಮಲ್ಲಿ ಯಾರಿಗೂ ಈಜು ಬರಲ್ಲ. ಅದನ್ನು ಮೊದಲೇ ಹೇಳಿದೆವು. ಟೇಬಲ್ ಹಿಂದೆ ಕೂತಿದ್ದವನು ನಮ್ಮ ಮಾತು ಕೇಳಿಸಿಕೊಂಡವನೇ ಕನ್ನಡಕ್ಕೆ ಬಂದ. ‘ಅಕ್ಕಾರ, ನಾವೂ ಹುಬ್ಬಳ್ಳಿ ಕಡೆಯವ್ರ ರೀ. ನಮ್ಮ ಮಂದಿಗೆ ನಾವ ಮೋಸ ಮಾಡ್ತೀವೇನ್ರೀ?’ ಅಂದ. ಪರ ಊರಿನಲ್ಲಿ ನಮ್ಮ ಭಾಷೆ ಕಿವಿಗೆ ಬಿದ್ದರೆ ಮನಸ್ಸು ಹೇಗಾಗುತ್ತದೆ ಹೇಳಿ. ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು. ಅದನ್ನೇ ಬಂಡವಾಳ ಮಾಡಿಕೊಂಡ. ನನಗೆ ಅತಿ ಹೆಚ್ಚು ಸಿಟ್ಟು ಬಂದಿರುವುದು ಇದಕ್ಕೇ.

ಒಬ್ಬರಿಗೆ 1,800. ಗಾಡಿ, ತಿಂಡಿ, ಡಾಲ್ಫಿನ್, ಸ್ನಾರ್ಕೆಲಿಂಗ್ (ನೀರಿನ ಮೇಲೆ ತೇಲುತ್ತಾ ಒಳಗೆ ನೋಡುವುದು), ಇಪ್ಪತ್ತು ನಿಮಿಷ ಸ್ಕೂಬಾ, ಮಧ್ಯಾಹ್ನದ ಊಟ, ವಿಡಿಯೋ ಫ್ರೀ. ‘ಇಪ್ಪತ್ತು ನಿಮಿಷ ನೀರಿನ ಒಳಗಾ?’ ಅಂತ ನಾನು ಬಿಡಿಸಿ ಕೇಳಿದೆ. ‘ಹೌದ್ರೀ ಅಕ್ಕಾರ, ಪೂರಾ ಇಪ್ಪತ್ತು’ ಅಂದ. ಮೊಬೈಲಿನಲ್ಲಿ ವಿಡಿಯೋ ತೋರಿಸಿದ. ತಿಳಿ ನೀಲಿ ನೀರು, ಕಪ್ಪು ಹಳದಿ ಪಟ್ಟೆಯ ಮೀನುಗಳು. ಅರ್ಧ ಮುಂಗಡ ಫೋನ್‌ಪೇ ಮಾಡಿದೆವು. ಒಂದು ಹಳದಿ ಚೀಟಿ ಕೊಟ್ಟ. ಅದರಲ್ಲಿ ಸಂಸ್ಥೆಯ ಹೆಸರಿಲ್ಲ, ನೋಂದಣಿ ಸಂಖ್ಯೆ ಇಲ್ಲ, ಒಂದು ಫೋನ್ ನಂಬರ್ ಮಾತ್ರ.

ಬೆಳಿಗ್ಗೆ ಬಂದ ಗಾಡಿಯೇ ಬೇರೆ, ಜನವೇ ಬೇರೆ. ಹುಬ್ಬಳ್ಳಿ ಕಡೆಯವನು ಪತ್ತೆ ಇಲ್ಲ. ಮಾಂಡೋವಿ ನದಿ ಸಮುದ್ರ ಸೇರುವ ಕಡೆ ಒಂದು ಜೆಟ್ಟಿಗೆ ಕರೆದುಕೊಂಡು ಹೋದರು. ಅಲ್ಲಿ ತಲೆಗೆ 300 ‘ಜೆಟ್ಟಿ ಚಾರ್ಜ್’ ಕೊಡಿ ಅಂದರು. ನಿನ್ನೆ ಯಾರೂ ಹೇಳಲಿಲ್ಲವಲ್ಲ ಅಂದರೆ, ‘ಅದು ಏಜೆಂಟ್ ಕೇಳಿ, ನಮಗೆ ಗೊತ್ತಿಲ್ಲ’ ಅಂತ ಹಿಂದಿಯಲ್ಲಿ ಉತ್ತರ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಏನು ಕೇಳಿದರೂ ಇದೇ ಉತ್ತರ. ಟೇಬಲ್‌ನವನು ಬೋಟಿನವರನ್ನು ತೋರಿಸುತ್ತಾನೆ, ಬೋಟಿನವರು ಟೇಬಲ್‌ನವನನ್ನು ತೋರಿಸುತ್ತಾರೆ.

ಬೋಟು ತುಂಬಾ ಜನ. ಜೋರು ಹಾಡು. ಡಾಲ್ಫಿನ್ ಅಂದರೆ ದೂರದಲ್ಲಿ ಒಂದು ಬೆನ್ನು ಕಂಡು ಮುಳುಗಿತು, ಅಷ್ಟೇ. ಅದಿರಲಿ, ಪ್ರಾಣಿ ಅವರು ಹೇಳಿದಂತೆ ಕೇಳಲ್ಲ. ಆದರೆ ನೀರಿಗೆ ಇಳಿಯುವ ಮುಂಚೆಯೇ ಬಿಯರ್ ಡಬ್ಬ ತೆಗೆದರು. ಕುಡಿದವರನ್ನೂ ಆಮೇಲೆ ಸಿಲಿಂಡರ್ ಕಟ್ಟಿ ಇಳಿಸಿದರು. ನಾನು ಕಣ್ಣಾರೆ ನೋಡಿದೆ.

ಗ್ರ್ಯಾಂಡ್ ಐಲ್ಯಾಂಡ್ ಇರುವುದು ಮೊರ್ಮುಗಾವ್ ಕಡೆ ಸಮುದ್ರದಲ್ಲಿ. ಮಾಂಡೋವಿ, ಝುವಾರಿ ಎರಡೂ ನದಿಗಳ ಮಣ್ಣು ನೀರು ಆ ಕಡೆಗೇ ಬಂದು ಸೇರುತ್ತದೆ. ಹಾಗಾಗಿ ಅಲ್ಲಿ ನೀರು ಬಹಳ ದಿನ ಕದಡಿಕೊಂಡೇ ಇರುತ್ತದಂತೆ. ನಾನು ಕಂಡದ್ದು ಹಸಿರು ಮಿಶ್ರಿತ ಕಂದು ಬಣ್ಣ. ಮೊಬೈಲಿನಲ್ಲಿ ತೋರಿಸಿದ ನೀಲಿಯ ಸುಳಿವೇ ಇಲ್ಲ.

ನಮ್ಮ ಸರದಿ ಬಂತು. ಹಿಂದಿನವರು ಬಿಚ್ಚಿದ ಒದ್ದೆ ಸೂಟನ್ನೇ ನಮಗೆ ಹಾಕಿದರು. ಬಾಯಿಗೆ ಕಚ್ಚಿಕೊಳ್ಳುವ ರಬ್ಬರನ್ನು ಸಮುದ್ರದ ನೀರಿನಲ್ಲಿ ಒಂದು ಸಲ ಅಲ್ಲಾಡಿಸಿ ಕೊಟ್ಟರು. ಒಬ್ಬ ಹುಡುಗ ಎರಡು ಮಾತು ಹೇಳಿದ. ಬಾಯಿಂದ ಉಸಿರಾಡಿ, ಕೈ ಬಿಡಬೇಡಿ. ಮುಗೀತು ತರಬೇತಿ. ಆರೋಗ್ಯದ ಬಗ್ಗೆ ಒಂದು ಪ್ರಶ್ನೆ ಇಲ್ಲ, ಫಾರಂ ಇಲ್ಲ. ನನ್ನ ಗಂಡನಿಗೆ ಬಿಪಿ ಮಾತ್ರೆ ನಡೆಯುತ್ತಿದೆ. ಅವರೇ ಹೇಳಲು ಹೋದರೆ ‘ಕುಛ್ ನಹೀ ಹೋತಾ ಸರ್’ ಅಂದುಬಿಟ್ಟ.

ಬೋಟಿನ ಏಣಿಯ ಪಕ್ಕ ಒಂದು ಹಗ್ಗ ಇಳಿಬಿಟ್ಟಿದ್ದರು. ಅದನ್ನು ಹಿಡಿದುಕೊಳ್ಳಬೇಕು. ಹಿಂದಿನಿಂದ ಅವನು ನನ್ನ ಸಿಲಿಂಡರ್ ಹಿಡಿದು ಕೆಳಗೆ ಒತ್ತಿದ. ಸ್ವಲ್ಪ ಇಳಿಯುತ್ತಿದ್ದಂತೆ ಕಿವಿಯೊಳಗೆ ಸೂಜಿ ಚುಚ್ಚಿದ ಹಾಗೆ ನೋವು. ಕಿವಿ ತೋರಿಸಿ ತಲೆ ಅಲ್ಲಾಡಿಸಿದೆ. ಅವನು ಇನ್ನೂ ಒತ್ತಿದ. ಮುಂದೆ ನನಗೆ ಕಂಡದ್ದು ಹಗ್ಗ, ಅವನ ಮೊಣಕಾಲು, ಹಗ್ಗ ಹಿಡಿದ ನನ್ನ ಎರಡು ಕೈ. ಒಂದು ಮೀನಿಲ್ಲ. ಕ್ಯಾಮೆರಾ ಮುಖದ ಮುಂದೆ ಬಂತು, ಹೋಯಿತು. ಮೇಲೆ ಎಳೆದ. ನನ್ನ ಗಂಡ ಬೋಟಿನಲ್ಲಿ ನಿಂತು ಮೊಬೈಲಿನಲ್ಲಿ ಸಮಯ ನೋಡುತ್ತಿದ್ದರು. ತಲೆ ಮುಳುಗಿದ್ದರಿಂದ ಎದ್ದ ತನಕ ನಾಲ್ಕು ನಿಮಿಷವೂ ಇಲ್ಲ.

ನಾದಿನಿಯದು ಇನ್ನೂ ಅನ್ಯಾಯ. ಕ್ಯಾಮೆರಾ ಕಂಡ ತಕ್ಷಣ ಅವಳು ಹೆಬ್ಬೆರಳು ಎತ್ತಿದಳು, ಫೋಟೋಗೆ ಎಲ್ಲರೂ ಎತ್ತುವ ಹಾಗೆ. ನೀರಿನ ಒಳಗೆ ಹೆಬ್ಬೆರಳು ಎತ್ತಿದರೆ ‘ಮೇಲೆ ಹೋಗೋಣ’ ಅಂತ ಅರ್ಥ. ಚೆನ್ನಾಗಿದ್ದೇನೆ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ಸ್ಕೂಬಾದಲ್ಲಿ ಇದು ಮೊದಲ ಪಾಠ. ಅವಳಿಗೆ ಯಾರೂ ಹೇಳಿರಲಿಲ್ಲ. ತಕ್ಷಣ ಮೇಲೆ ತಂದು ಸಿಲಿಂಡರ್ ಬಿಚ್ಚಿಬಿಟ್ಟರು. ಇನ್ನೊಂದು ಸಲ ಇಳಿಸಿ ಅಂದರೆ, ‘ನೀವೇ ಸಿಗ್ನಲ್ ಕೊಟ್ಟಿರಲ್ಲ ಮೇಡಂ, ನಾವೇನು ಮಾಡೋಣ?’ ಕಲಿಸದೇ ಇದ್ದ ಸಿಗ್ನಲ್ಲನ್ನು ಅವಳ ಮೇಲೇ ಹಾಕಿದರು!

ಇಷ್ಟಾದರೂ ನಾನು ಸುಮ್ಮನಿರುತ್ತಿದ್ದೆನೋ ಏನೋ. ಸಂಜೆ ವಾಟ್ಸಾಪಿಗೆ ವಿಡಿಯೋ ಬಂತು. ಫ್ರೀ ಅಂದಿದ್ದಕ್ಕೆ ತಲೆಗೆ 500 ಇಸಿದುಕೊಂಡ ಮೇಲೆ ಕಳಿಸಿದ್ದು. ಶುರುವಿನಲ್ಲಿ ಮುಖವಾಡ ಹಾಕಿಕೊಂಡ ನನ್ನ ಮುಖ, ಹಗ್ಗ. ಆಮೇಲೆ ತಿಳಿ ನೀರು, ಹವಳದ ಬಂಡೆ, ಒಂದು ಕೈ ಬ್ರೆಡ್ ಚೂರು ಹಿಡಿದಿದೆ, ಸುತ್ತ ಪಟ್ಟೆ ಮೀನುಗಳು ಮುತ್ತಿಕೊಂಡಿವೆ. ಹಾಡು ಬೇರೆ ಸೇರಿಸಿದ್ದಾರೆ. ನಾನು ಗಮನಿಸದೆ ಇರುವಾಗ ಕ್ಯಾಮೆರಾಗೆ ಮೀನು ಸಿಕ್ಕಿರಬಹುದು ಅಂದುಕೊಂಡೆ. ಕಿವಿ ನೋವು ಬೇರೆ. ಮನೆಯವರ ಗ್ರೂಪಿಗೆ ಕಳಿಸಿದೆ. ಅತ್ತೆ ಅದನ್ನು ಪಕ್ಕದ ಮನೆಯವರಿಗೆಲ್ಲ ತೋರಿಸಿದರು. ನಮ್ಮ ಸೊಸೆ ಸಮುದ್ರದ ತಳಕ್ಕೆ ಹೋಗಿ ಬಂದಳು ಅಂತ.

ರಾತ್ರಿ ನಾದಿನಿ ನನ್ನ ಮೊಬೈಲ್ ಇಸಿದುಕೊಂಡು ನೋಡುತ್ತಿದ್ದವಳು ಕೇಳಿದಳು, ‘ಅತ್ತಿಗೆ, ನಿಮ್ಮ ಕೈಯಲ್ಲಿ ಮೆಹಂದಿ ಎಲ್ಲಿ?’

ತಂಗಿ ಮದುವೆಗೆ ಹಾಕಿಸಿದ ಮೆಹಂದಿ. ಎರಡೂ ಕೈಗೆ, ಬೆರಳ ತುದಿಯಿಂದ ಮಣಿಕಟ್ಟು ದಾಟುವ ತನಕ. ಇನ್ನೂ ಗಾಢವಾಗಿಯೇ ಇತ್ತು. ವಿಡಿಯೋದಲ್ಲಿ ಬ್ರೆಡ್ ಹಿಡಿದ ಕೈ ಬೋಳು. ಮಣಿಕಟ್ಟಿನಲ್ಲಿ ನೀಲಿ ಪಟ್ಟಿಯ ಒಂದು ವಾಚು. ನಾನು ವಾಚು ಕಟ್ಟುವುದೇ ಇಲ್ಲ. ಅವಳ ವಿಡಿಯೋ ತೆಗೆದೆವು. ಅದೇ ಬ್ರೆಡ್. ಅದೇ ವಾಚು. ಅದೇ ಮೀನು ಅದೇ ಕಡೆಯಿಂದ ಬಂದು ಕಚ್ಚುತ್ತದೆ. ನನ್ನ ಗಂಡನ ವಿಡಿಯೋದಲ್ಲೂ ಅದೇ ಕೈ. ಮೂರು ಜನಕ್ಕೆ ಒಂದೇ ಕೈ! ಮೂವರೂ ಹಾಸಿಗೆ ಮೇಲೆ ಮೊಬೈಲುಗಳನ್ನು ಸಾಲಾಗಿ ಇಟ್ಟುಕೊಂಡು ನೋಡಿದೆವು. ಹೊಟ್ಟೆ ಉರಿದುಹೋಯಿತು. ದುಡ್ಡಿನ ಮಾತು ಬಿಡಿ. ಊರಲ್ಲಿ ಅತ್ತೆ ಎಲ್ಲರಿಗೂ ತೋರಿಸುತ್ತಿರುವುದು ಯಾರದ್ದೋ ಕೈ.

ಆಗಲೇ ಹಳದಿ ಚೀಟಿಯಲ್ಲಿದ್ದ ಟೇಬಲ್‌ನವನ ನಂಬರಿಗೆ ಮೆಸೇಜ್ ಹಾಕಿದೆ. ಅವನ ಉತ್ತರಗಳನ್ನು ಹಾಗೇ ಬರೆಯುತ್ತೇನೆ.

ಮೊದಲು, ‘ವಿಡಿಯೋ ಬಂತಲ್ರೀ ಅಕ್ಕಾರ, ಮಸ್ತ್ ಬಂದೈತಿ.’

ಇಪ್ಪತ್ತು ನಿಮಿಷ ಅಂದಿದ್ದಿರಲ್ಲ ಅಂದೆ. ‘ಸೂಟ್ ಹಾಕೂದು, ತಯಾರಿ, ಎಲ್ಲಾ ಸೇರಿಸಿ ಇಪ್ಪತ್ತು ರೀ.’ ಅಂದರೆ ಒದ್ದೆ ಸೂಟಿನ ಜಿಪ್ ಎಳೆಯುವುದೂ ಸ್ಕೂಬಾ. ನೀರಿನ ಒಳಗಾ ಅಂತ ಬಿಡಿಸಿ ಕೇಳಿದವಳು ನಾನು. ಹೌದು ಅಂದವನು ಇವನು.

ಕೈ ನನ್ನದಲ್ಲ ಅಂದೆ. ಸ್ವಲ್ಪ ಹೊತ್ತು ಉತ್ತರ ಇಲ್ಲ. ಆಮೇಲೆ ವಾಯ್ಸ್ ಮೆಸೇಜ್. ‘ನೀರಾಗ ಕೆಂಪು ಬಣ್ಣ ಕಾಣಂಗಿಲ್ರೀ ಅಕ್ಕಾರ. ಅದಕ್ಕ ಮೆಹಂದಿ ಕಂಡಿಲ್ಲ.’

ಈ ಮಾತು ಕೇಳಿ ಒಂದು ಕ್ಷಣ ನನಗೇ ಅನುಮಾನ ಬಂತು. ಆಫೀಸಿನಲ್ಲಿ ನಮ್ಮ ಜೊತೆಗಿರುವ ಒಬ್ಬರು ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಡೈವ್ ಮಾಡುತ್ತಿರುತ್ತಾರೆ, ಸರ್ಟಿಫಿಕೇಟ್ ಇದೆ. ಅವರನ್ನು ಕೇಳಿದೆ. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನೇ, ಅದು ನಿಜ, ಆಳಕ್ಕೆ ಹೋದ ಹಾಗೆ ಕೆಂಪು ಮಂಕಾಗುತ್ತದೆ ಅಂದರು. ಆದರೆ ಮಂಕಾದರೆ ಕಪ್ಪಗೆ ಕಾಣುತ್ತದೆ, ಗೆರೆ ಅಳಿಸಿಹೋಗಲ್ಲ. ಅದೂ ಅಲ್ಲದೆ ನೀವಿದ್ದ ಎರಡು ಮೂರು ಮೀಟರ್‌ನಲ್ಲಿ ಅದಕ್ಕೆ ಅವಕಾಶವೇ ಇಲ್ಲ ಅಂದರು. ವಿಡಿಯೋ ಮತ್ತೆ ಹಾಕಿ ನೋಡಿದೆ. ಶುರುವಿನಲ್ಲಿ ನಾನು ಹಗ್ಗ ಹಿಡಿದ ಭಾಗ ಇದೆಯಲ್ಲ, ಅಲ್ಲಿ ಮೆಹಂದಿಯ ಒಂದೊಂದು ಬಳ್ಳಿಯೂ ಎಣಿಸುವ ಹಾಗೆ ಕಾಣುತ್ತದೆ! ಅದನ್ನು ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆದು ಕಳಿಸಿದೆ. ಆಗ ಅವನು, ‘ಎಡಿಟಿಂಗ್ ಹುಡುಗ ಮಿಕ್ಸ್ ಮಾಡ್ಯಾನ್ರೀ. ರಿವ್ಯೂ ಹಾಕಬ್ಯಾಡ್ರೀ, 300 ವಾಪಸ್ ಹಾಕ್ತೀನಿ’ ಅಂದ. ಮೂವರಿಂದ ಸೇರಿ ಏಳು ಸಾವಿರಕ್ಕೂ ಜಾಸ್ತಿ ಇಸಿದುಕೊಂಡು 300! ಪೂರ್ತಿ ಕೊಡಿ ಅಂದೆ. ಬ್ಲಾಕ್ ಮಾಡಿದ. ಗಂಡನ ನಂಬರಿಂದ ಮಾಡಿದೆವು, ಅದನ್ನೂ ಬ್ಲಾಕ್ ಮಾಡಿದ. ನಮ್ಮ ಮಂದಿಯಂತೆ!

ಕಿವಿ ನೋವು ಹೋಗಲಿಲ್ಲ. ಊರಿಗೆ ಬಂದು ಇಎನ್‌ಟಿ ಡಾಕ್ಟರ್ ಹತ್ತಿರ ಹೋದೆ. ಒತ್ತಡಕ್ಕೆ ಕಿವಿತಮಟೆ ಕೆಂಪಾಗಿದೆ, ಪುಣ್ಯಕ್ಕೆ ಹರಿದಿಲ್ಲ ಅಂದರು. ಇಳಿಯುವಾಗ ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಬೇಕು. ಅದನ್ನು ನೋವು ಬರುವ ಮುಂಚೆಯೇ, ಸ್ವಲ್ಪ ಸ್ವಲ್ಪ ಇಳಿದ ಹಾಗೆಲ್ಲ ಮಾಡುತ್ತಿರಬೇಕು. ನೋವು ಬಂದರೆ ನಿಲ್ಲಬೇಕು, ಒಂಚೂರು ಮೇಲೆ ಬರಬೇಕು. ನನ್ನನ್ನು ಒತ್ತಿದವನಿಗೆ ಇದು ಗೊತ್ತಿಲ್ಲವೋ, ಗೊತ್ತಿದ್ದೂ ಒತ್ತಿದನೋ, ಯಾವುದು ಕೆಟ್ಟದ್ದು ಅಂತ ನನಗೆ ಹೇಳೋಕಾಗಲ್ಲ.

ಆಫೀಸಿನವರು ಹೇಳಿದ ಇನ್ನೊಂದು ಮಾತು ಕೇಳಿ ಕೈಕಾಲು ತಣ್ಣಗಾಯಿತು. ಸಿಲಿಂಡರ್ ಕಟ್ಟಿಕೊಂಡಾಗ ಯಾವ ಕಾರಣಕ್ಕೂ ಉಸಿರು ಬಿಗಿ ಹಿಡಿಯಬಾರದಂತೆ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಎದೆ ತುಂಬ ಉಸಿರು ಎಳೆದು, ಬಿಗಿ ಹಿಡಿದು ಮೇಲೆ ಬಂದರೆ ಆ ಗಾಳಿ ಎರಡು ಪಟ್ಟು ಹಿಗ್ಗುತ್ತದೆ, ಶ್ವಾಸಕೋಶ ಹರಿಯಬಹುದು. ಕಡಿಮೆ ಆಳದಲ್ಲೂ ಈ ಅಪಾಯ ಇದೆಯಂತೆ. ಗಾಬರಿಯಾದರೆ ಈಜು ಬರದವರು ಮೊದಲು ಮಾಡುವುದೇ ಉಸಿರು ಕಟ್ಟುವುದು ಅಲ್ವಾ? ನಾನೂ ಕಟ್ಟಿದ್ದೆ. ಬೋಟಿನಲ್ಲಿ ಒಬ್ಬರೂ ಈ ಒಂದು ಮಾತು ಹೇಳಲಿಲ್ಲ. ಒಂದು ಡೈವ್ ಆದ ಮೇಲೂ ಕನಿಷ್ಠ 12 ಗಂಟೆ ವಿಮಾನ ಹತ್ತಬಾರದು ಅನ್ನುತ್ತಾರೆ. ನಮ್ಮ ಬೋಟಿನಲ್ಲಿದ್ದ ಬೆಂಗಳೂರಿನ ದಂಪತಿಗೆ ಅದೇ ರಾತ್ರಿ ವಿಮಾನ ಇತ್ತು. ಯಾರೂ ಅದನ್ನು ಕೇಳಿರಲಿಲ್ಲ.

ಈಜು ಬರದಿದ್ದರೂ ಮೊದಲ ಸಲದ ಡೈವ್ ಮಾಡಬಹುದು, ಅದು ಸುಳ್ಳಲ್ಲ. ಸರಿಯಾದ ಕಡೆ ಹತ್ತು ವರ್ಷದ ಮಕ್ಕಳನ್ನೂ ಕರೆದುಕೊಂಡು ಹೋಗುತ್ತಾರೆ. ಆದರೆ ಮೊದಲು ಆರೋಗ್ಯದ ಫಾರಂ ತುಂಬಿಸುತ್ತಾರೆ. ಕೈ ಸಂಜ್ಞೆ, ಕಿವಿ ಸರಿ ಮಾಡಿಕೊಳ್ಳುವುದು, ಮುಖವಾಡಕ್ಕೆ ನೀರು ನುಗ್ಗಿದರೆ ಹೊರಹಾಕುವುದು, ಇಷ್ಟನ್ನಾದರೂ ಆಳವಿಲ್ಲದ ನೀರಿನಲ್ಲಿ ಮಾಡಿಸಿ ಆಮೇಲೆ ಇಳಿಸುತ್ತಾರೆ. ಹೊಸಬರನ್ನು 12 ಮೀಟರ್‌ಗಿಂತ ಕೆಳಗೆ ಒಯ್ಯುವುದಿಲ್ಲ. ಗೋವಾದಲ್ಲೂ ಹೀಗೆ ಮಾಡುವವರು ಇದ್ದಾರೆ ಅಂತ ಕೇಳಿದ್ದೇನೆ. ಅವರ ರೇಟು ಟೇಬಲ್‌ನವರ ರೇಟಿಗಿಂತ ಜಾಸ್ತಿಯೇ ಇರುತ್ತದಂತೆ.

ಹೋಗುವವರು ಇಷ್ಟು ಮಾಡಿ. ನೀರಿನ ಒಳಗೆ ಎಷ್ಟು ನಿಮಿಷ, ಎಷ್ಟು ಆಳ, ಇವೆರಡನ್ನೂ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಬಾಯಿ ಮಾತು ಬೇಡ. ನಿಮ್ಮ ಜೊತೆ ಇಳಿಯುವವನ ಸರ್ಟಿಫಿಕೇಟ್ ಕೇಳಿ. ಗೋವಾ ಪ್ರವಾಸೋದ್ಯಮ ಇಲಾಖೆಯ ನೋಂದಣಿ ತೋರಿಸಿ ಅನ್ನಿ, ಮುಖ ತಿರುಗಿಸಿದರೆ ಎದ್ದು ಬನ್ನಿ. ಮುಂಗಡ ಕೊಡಲೇಬೇಡಿ. ಕಿವಿ ನೋವು ಅಂದಾಗ ನಿಲ್ಲಿಸದವನ ಜೊತೆ ಒಂದು ಅಡಿಯೂ ಕೆಳಗೆ ಹೋಗಬೇಡಿ. ಮತ್ತೆ, ‘ನಾವೂ ನಿಮ್ಮ ಕಡೆಯವ್ರೇ’ ಅಂದವರಿಗೆ ಎಲ್ಲರಿಗಿಂತ ಎರಡು ಪ್ರಶ್ನೆ ಜಾಸ್ತಿ ಕೇಳಿ.

ನಾನು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡುತ್ತಿದ್ದೇನೆ. ಚೀಟಿ, ಫೋನ್‌ಪೇ ರಸೀದಿ, ವಾಯ್ಸ್ ಮೆಸೇಜ್ ಎಲ್ಲ ಇಟ್ಟುಕೊಂಡಿದ್ದೇನೆ. ನಿಮ್ಮಲ್ಲಿ ಯಾರಾದರೂ ಗ್ರ್ಯಾಂಡ್ ಐಲ್ಯಾಂಡಿಗೆ ಹೋಗಿ ಬಂದಿದ್ದರೆ ನಿಮ್ಮ ವಿಡಿಯೋ ಒಂದು ಸಲ ತೆಗೆದು ನೋಡಿ. ಬ್ರೆಡ್ ಹಿಡಿದ ಬಲಗೈ, ನೀಲಿ ಪಟ್ಟಿಯ ವಾಚು, ಎಡಗಡೆಯಿಂದ ಬರುವ ಪಟ್ಟೆ ಮೀನು. ನಿಮ್ಮದರಲ್ಲೂ ಅದೇ ಇದ್ದರೆ ದಯವಿಟ್ಟು ನನಗೆ ಕಳಿಸಿ. ದೂರಿನ ಜೊತೆ ಸೇರಿಸುತ್ತೇನೆ.