ಮೈಸೂರಿನ ಮೀಟಪ್ಪೋ, ಬೆಂಗಳೂರಿನದ್ದೋ, ಹೋಟೆಲ್ಲಿನ ನೆಟ್‌ವರ್ಕಿಂಗೋ?

ಮೈಸೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವರಿಗೆ ಶನಿವಾರ ಹೋಗಿಬರಲು ಈಗ ಜಾಗಗಳಿಗೆ ಬರವಿಲ್ಲ. ಊರಲ್ಲೇ ಸಣ್ಣ ಮೀಟಪ್‌ಗಳು, ಅಂದರೆ ಒಂದೇ ಕೆಲಸದವರು ಕೂಡಿ ಮಾತಾಡುವ ಕೂಟಗಳು, ನಡೆಯುತ್ತವೆ. ರೈಲು ಹತ್ತಿದರೆ ಬೆಂಗಳೂರು. ದೊಡ್ಡ ಹೋಟೆಲ್‌ಗಳಲ್ಲಿ ಕೊರಳಿಗೆ ಬ್ಯಾಡ್ಜ್ ಹಾಕಿ ಒಳಗೆ ಬಿಡುವ ನೆಟ್‌ವರ್ಕಿಂಗ್ (ಪರಿಚಯ ಬೆಳೆಸಿಕೊಳ್ಳುವ) ಕಾರ್ಯಕ್ರಮಗಳಿವೆ. ಎಲ್ಲೂ ಹೋಗುವುದು ಬೇಡ ಅಂದರೆ ಆನ್‌ಲೈನ್ ಸೆಷನ್‌ಗಳಿವೆ. ನಾನು ಮೈಸೂರಿನ ಹೆಬ್ಬಾಳದ ಕಡೆ ಒಂದು ಸಣ್ಣ ಕಂಪನಿಯಲ್ಲಿ ಬ್ಯಾಕೆಂಡ್ ಡೆವಲಪರ್. ಕೆಲವು ವರ್ಷಗಳಿಂದ ಈ ನಾಲ್ಕಕ್ಕೂ ಹೋಗಿ ಬಂದಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದವರು, ಕೊನೆಯ ವರ್ಷದ ವಿದ್ಯಾರ್ಥಿಗಳು "ಅಕ್ಕ, ಯಾವುದಕ್ಕೆ ಹೋದರೆ ಉಪಯೋಗ?" ಅಂತ ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದು.

ಹೋಲಿಸುವುದಕ್ಕೆ ನಾನು ಇಟ್ಟುಕೊಂಡಿರುವ ಅಳತೆ ಒಂದೇ. ಭಾಷಣ ಮುಗಿದ ಮೇಲಿನ ಅರ್ಧ ಗಂಟೆಯಲ್ಲಿ ಏನಾಗುತ್ತದೆ? ಭಾಷಣ ಯೂಟ್ಯೂಬಿನಲ್ಲಿ ಸಿಗುತ್ತದೆ. ಸ್ಲೈಡು ಕೇಳಿದರೆ ಕಳಿಸುತ್ತಾರೆ. ಪಕ್ಕದ ಕುರ್ಚಿಯವರು "ನಮ್ಮಲ್ಲೂ ಇದೇ ತಲೆನೋವು ಕಣ್ರೀ" ಅಂತ ಮಾತು ತೆಗೆಯುವುದು ಆ ಅರ್ಧ ಗಂಟೆಯಲ್ಲಿ ಮಾತ್ರ. ಅದು ಯಾವ ವಿಡಿಯೋದಲ್ಲೂ ಸಿಗುವುದಿಲ್ಲ.

ಮೊದಲು ನಮ್ಮೂರಿನದ್ದೇ ತೆಗೆದುಕೊಳ್ಳೋಣ. ಯಾವುದಾದರೂ ಕಾಲೇಜಿನ ಸೆಮಿನಾರ್ ಹಾಲು, ಇಲ್ಲವೇ ಕೋವರ್ಕಿಂಗ್ ಜಾಗದ ಒಂದು ರೂಮು. ಇಪ್ಪತ್ತು, ಮೂವತ್ತು ಜನ. ಹತ್ತು ಗಂಟೆ ಅಂತ ಹಾಕಿದ್ದರೆ ಶುರುವಾಗುವುದು ಹತ್ತೂವರೆಗೆ. ಪ್ರೊಜೆಕ್ಟರಿನ ಕೇಬಲ್ಲು ಸ್ಪೀಕರ್‌ನ ಲ್ಯಾಪ್‌ಟಾಪಿಗೆ ಹೊಂದುವುದಿಲ್ಲ, ಯಾರದ್ದೋ ಬ್ಯಾಗಿನಿಂದ ಅಡಾಪ್ಟರ್ ಬರುತ್ತದೆ. ಎರಡು ಭಾಷಣ, ಆಮೇಲೆ ಟೀ.

ಒಂದು ಸಲ ಆ ಟೀ ಹೊತ್ತಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಕಂಪನಿಯ ಹುಡುಗನೊಬ್ಬ ಲ್ಯಾಪ್‌ಟಾಪ್ ತೆರೆದು ಕಿಟಕಿಯ ಕಟ್ಟೆ ಮೇಲೆ ಇಟ್ಟ. ಇಮೇಲ್ ಹಾಕಿ ರೋಗಿಯನ್ನು ಹುಡುಕಿದರೆ ಪುಟ ತೆರೆಯಲು ತುಂಬ ಹೊತ್ತು ಹಿಡಿಯುತ್ತಿತ್ತು. "ಇಂಡೆಕ್ಸ್ ಹಾಕಿದ್ದೀನಿ ಸರ್, ಆದ್ರೂ ನಿಧಾನ." ಇಂಡೆಕ್ಸ್ ಅಂದರೆ ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ. ಡೇಟಾಬೇಸ್ ಕೆಲಸದಲ್ಲೇ ತಲೆ ನರೆತಿರುವ ಹಿರಿಯರೊಬ್ಬರು ಕೈಯಲ್ಲಿ ಕಪ್ ಹಿಡಿದುಕೊಂಡೇ ಬಗ್ಗಿ ನೋಡಿದರು. "ಎಕ್ಸ್‌ಪ್ಲೇನ್ ಅನಲೈಸ್ ಹಾಕಿ ತೋರ್ಸಪ್ಪ." ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ, ಹೇಗೆ ಓಡಿತು ಅಂತ ತೋರಿಸುವ ಆಜ್ಞೆ ಅದು. ತೋರಿಸಿದ. ಅವರ ಡೇಟಾಬೇಸ್ ಪೋಸ್ಟ್‌ಗ್ರೆಸ್ ಇಂಡೆಕ್ಸ್ ಮುಟ್ಟಿರಲೇ ಇಲ್ಲ, ಇಡೀ ಟೇಬಲ್ಲನ್ನು ಸಾಲುಸಾಲಾಗಿ ಓದುತ್ತಿತ್ತು. ಯಾಕೆ ಅಂದರೆ ಕ್ವೆರಿಯಲ್ಲಿ ಇಮೇಲನ್ನು, ಇಂಗ್ಲಿಷ್ ಅಕ್ಷರಗಳನ್ನೆಲ್ಲ ಸಣ್ಣಕ್ಷರ ಮಾಡುವ ಲೋಯರ್ ಫಂಕ್ಷನ್ನಿನೊಳಗೆ ಇಟ್ಟು ಹುಡುಕುತ್ತಿದ್ದರು. "ನೀನು ಇಂಡೆಕ್ಸ್ ಮಾಡಿರೋದು ಇಮೇಲ್‌ನ. ಹುಡುಕ್ತಿರೋದು ಲೋಯರ್ ಮಾಡಿದ ಇಮೇಲ್‌ನ. ಡೇಟಾಬೇಸಿಗೆ ಇವೆರಡೂ ಬೇರೆ ಬೇರೆ." ಆ ಲೋಯರ್ ಫಂಕ್ಷನ್ ಸಮೇತ ಇಂಡೆಕ್ಸ್ ಮಾಡಿಸಿದರು. ಮತ್ತೆ ಓಡಿಸಿದರೆ ಪುಟ ತಟ್ಟನೆ ಬಂತು. ಸುತ್ತ ನಿಂತಿದ್ದ ನಾವು ಐದಾರು ಜನ ಸೋಮವಾರ ನಮ್ಮ ನಮ್ಮ ಕ್ವೆರಿಗಳಲ್ಲಿ ಅದೇ ಹುಡುಕಿದೆವು.

ಇದನ್ನು ಅವನು ಗೂಗಲ್ ಮಾಡಿ ತಿಳಿದುಕೊಳ್ಳಬಹುದಿತ್ತು, ನಿಜ. ಆದರೆ ಏನನ್ನು ಹುಡುಕಬೇಕು ಅನ್ನುವುದೇ ಗೊತ್ತಿಲ್ಲದಾಗ ಹುಡುಕುವುದು ಹೇಗೆ? ಇನ್ನೊಂದು ವಿಷಯ. ಆ ಹುಡುಗ ಕೇಳಿದ್ದು ಕನ್ನಡದಲ್ಲಿ. ಹಾಲಿನೊಳಗೆ ಮೈಕ್ ಕೊಟ್ಟಾಗ ಅವನು ಬಾಯಿ ಬಿಟ್ಟಿರಲಿಲ್ಲ. ನಮ್ಮ ಮೀಟಪ್‌ಗಳಲ್ಲಿ ಸ್ಲೈಡು ಇಂಗ್ಲಿಷಿನಲ್ಲಿದ್ದರೂ ಮಾತು ಕನ್ನಡಕ್ಕೆ ಹೊರಳಿದ ತಕ್ಷಣ ಪ್ರಶ್ನೆಗಳ ಸಂಖ್ಯೆ ಜಾಸ್ತಿಯಾಗುತ್ತದೆ. ಸಂಘಟಕರು ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು ಅಂತ ನನಗೆ ತುಂಬ ಅನ್ನಿಸುತ್ತದೆ.

ಐದು ನಿಮಿಷದ ಸಣ್ಣ ಭಾಷಣಗಳಿಗೂ ಇಲ್ಲಿ ಜಾಗ ಸಿಗುತ್ತದೆ. ಮಂಡ್ಯದಿಂದ ಬಂದಿದ್ದ ಇಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬಳು ಒಮ್ಮೆ ಪರದೆ ಮೇಲೆ "ಮಂಡ್ಯ" ಅಂತ ಟೈಪ್ ಮಾಡಿ, ವೆಬ್ ಪುಟಗಳಿಗೆ ಬಳಸುವ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಅದರ ಉದ್ದ ಕೇಳಿದಳು. ಐದು ಅಂತ ಬಂತು. ಕಣ್ಣಿಗೆ ಕಾಣುವುದು ಎರಡೇ ಅಕ್ಷರ ಅಲ್ವಾ? ಕಂಪ್ಯೂಟರಿನಲ್ಲಿ ಎಲ್ಲ ಭಾಷೆಗಳ ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡಿನಲ್ಲಿ ಮ, ಸೊನ್ನೆ, ಡ, ವಿರಾಮ (ಒತ್ತು ಮೂಡಿಸುವ ಅರ್ಧಾಕ್ಷರದ ಗುರುತು), ಯ ಎಲ್ಲಕ್ಕೂ ಬೇರೆ ಬೇರೆ ಸಂಕೇತ. ಹಾಗಾಗಿ ಫಾರಂನಲ್ಲಿ ಹೆಸರಿಗೆ ಇಪ್ಪತ್ತು ಅಕ್ಷರದ ಮಿತಿ ಹಾಕಿದರೆ ಕನ್ನಡದ ಹೆಸರುಗಳು ಅರ್ಧಕ್ಕೇ ತುಂಡಾಗುತ್ತವೆ ಅಂತ ತೋರಿಸಿದಳು. ಅವಳು ಕೂರುವುದಕ್ಕೆ ಮೊದಲೇ, ಹಾಲಿನ ಡೇರಿಗಳಿಗೆ ಮೆಸೇಜ್ ಕಳಿಸುವ ಸಾಫ್ಟ್‌ವೇರ್ ಮಾಡುವವರೊಬ್ಬರು ಎದ್ದು ನಿಂತರು. ಇಂಗ್ಲಿಷಿನ ಎಸ್‌ಎಂಎಸ್ ಒಂದರಲ್ಲಿ 160 ಅಕ್ಷರ ಹಿಡಿಯುತ್ತದೆ, ಕನ್ನಡದಲ್ಲಿ 70 ಮಾತ್ರ, ಆ 70ರಲ್ಲಿ ಒತ್ತಿನ ವಿರಾಮ, ಗುಣಿತದ ಚಿಹ್ನೆ ಎಲ್ಲವೂ ಲೆಕ್ಕಕ್ಕೆ ಬರುತ್ತದೆ, ರೈತರಿಗೆ ಕನ್ನಡದಲ್ಲೇ ಕಳಿಸಬೇಕು, ಖರ್ಚು ಹೇಗೆ ತಡೆಯುವುದು ಅಂತ ಕೇಳಿದರು. ಆ ಚರ್ಚೆ ಊಟದ ಹೊತ್ತಿನವರೆಗೂ ನಡೆಯಿತು. ಇಂಥ ಪ್ರಶ್ನೆ ನಾನು ಬೇರೆಲ್ಲೂ ಕೇಳಿಲ್ಲ. ಮೈಸೂರು, ಮಂಡ್ಯದ ಕೆಲಸ ಗೊತ್ತಿರುವವರ ಮಧ್ಯೆ ಮಾತ್ರ ಅದು ಏಳುತ್ತದೆ.

ಕೊರತೆಗಳೂ ಇವೆ. ವಿಷಯಗಳು ಬಹಳ ಸಲ ಪರಿಚಯದ ಮಟ್ಟದಲ್ಲೇ ನಿಲ್ಲುತ್ತವೆ. ಡಾಕರ್ ಅಂದರೇನು, ಗಿಟ್ ಅಂದರೇನು ಅಂತ ಮತ್ತೆ ಮತ್ತೆ ಬರುತ್ತದೆ. ಹತ್ತು ವರ್ಷ ಅನುಭವ ಇರುವವರಿಗೆ ಬೇಜಾರಾಗುತ್ತದೆ. ಕಾಲೇಜಿನಲ್ಲಿ ನಡೆದರೆ ಹಾಜರಾತಿಗಾಗಿ, ಸರ್ಟಿಫಿಕೇಟಿಗಾಗಿ ಕೂತ ಮಕ್ಕಳೇ ಅರ್ಧ ಸಭಾಂಗಣ ತುಂಬಿರುತ್ತಾರೆ. ದೊಡ್ಡ ಕಂಪನಿಗಳ ಟ್ರೇನಿಗಳು ಉತ್ಸಾಹದಿಂದ ಬರುತ್ತಾರೆ, ಆದರೆ ಕೆಲವು ತಿಂಗಳ ತರಬೇತಿ ಮುಗಿದ ಮೇಲೆ ಪುಣೆಗೋ ಹೈದರಾಬಾದಿಗೋ ಪೋಸ್ಟಿಂಗ್ ಆಗಿ ಹೋಗಿಬಿಡುತ್ತಾರೆ. ಎಲ್ಲಕ್ಕಿಂತ ದೊಡ್ಡ ತೊಂದರೆ, ಇಡೀ ಗುಂಪು ಒಬ್ಬರೋ ಇಬ್ಬರೋ ಸ್ವಯಂಸೇವಕರ ಹೆಗಲ ಮೇಲೆ ನಿಂತಿರುತ್ತದೆ. ಅವರು ಕೆಲಸ ಬದಲಾಯಿಸಿ ಬೆಂಗಳೂರಿಗೆ ಹೋದರೆ ಗುಂಪು ತಣ್ಣಗಾಗುತ್ತದೆ. ದಸರಾ ಸುತ್ತಮುತ್ತ ಸಭಾಂಗಣ ಸಿಗುವುದೂ ಕಷ್ಟ.

ಬೆಂಗಳೂರಿನಲ್ಲಿ ಈ ಯಾವ ತೊಂದರೆಯೂ ಇಲ್ಲ. ಅಲ್ಲಿನ ಗುಂಪುಗಳಿಗೆ ವಯಸ್ಸಾಗಿದೆ, ಬೇರು ಇಳಿದಿದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸುವವರ ಬ್ಯಾಂಗ್‌ಪೈಪರ್ಸ್ ಗುಂಪು ಅಲ್ಲಿಯದು. ಪೈಥಾನ್ ಸಮ್ಮೇಳನವಾದ ಪೈಕಾನ್ ಇಂಡಿಯಾ ಮೊದಲ ಸಲ 2009ರಲ್ಲಿ ನಡೆದದ್ದೂ ಅಲ್ಲೇ. 2005ರಲ್ಲಿ ಅಮೆರಿಕದ ಪಾಲೊ ಆಲ್ಟೊದಲ್ಲಿ ಶುರುವಾದ ಬಾರ್‌ಕ್ಯಾಂಪ್ ಮರುವರ್ಷವೇ ಬೆಂಗಳೂರಿಗೆ ಬಂತು. ಅಲ್ಲಿ ಭಾಷಣಗಳ ಪಟ್ಟಿ ಮೊದಲೇ ತಯಾರಿರುವುದಿಲ್ಲ. ಬಂದವರೇ ಅವತ್ತಿನ ಕಾರ್ಯಕ್ರಮ ಕಟ್ಟುತ್ತಾರೆ. ಕಲಿಯುತ್ತಲೂ ಇಲ್ಲ, ಕಲಿಸುತ್ತಲೂ ಇಲ್ಲ ಅನ್ನಿಸಿದರೆ ಎದ್ದು ಪಕ್ಕದ ರೂಮಿಗೆ ಹೋಗಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಮೈಸೂರಿನವರು ಈ ಪದ್ಧತಿಯನ್ನು ಎರವಲು ತಂದರೆ ಒಳ್ಳೆಯದು. ನಮ್ಮಲ್ಲಿ ಅರ್ಧಕ್ಕೆ ಎದ್ದರೆ ಸ್ಪೀಕರ್‌ಗೆ ಅವಮಾನ ಅಂತ ಸುಮ್ನೆ ಕೂರುತ್ತೇವೆ.

ಬೆಂಗಳೂರಿನ ಹೆಚ್ಚುಗಾರಿಕೆ ಆಳ. ನಾವು ದಿನಾ ಬಳಸುವ ಲೈಬ್ರರಿಗೆ (ಸಿದ್ಧ ಕೋಡಿನ ಕಟ್ಟು) ಕೋಡ್ ಬರೆದವರೇ ಎದುರಿಗೆ ನಿಂತು, ಅದು ಎಲ್ಲಿ ಮುರಿಯುತ್ತದೆ ಅಂತ ಹೇಳುತ್ತಾರೆ. ಆದರೆ ನನ್ನ ಅಳತೆಗೆ ಅದು ಎಡವುವುದು ದಾರಿಯಲ್ಲಿ. ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹಿಡಿದರೆ ಎರಡೂವರೆ, ಮೂರು ಗಂಟೆ ಪ್ರಯಾಣ. ಬಸ್ಸಾದರೆ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಇಳಿದು ದೀಪಾಂಜಲಿನಗರದಲ್ಲಿ ಮೆಟ್ರೋ ಹತ್ತುವುದು ಲೇಸು. 2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗ ವೈಟ್‌ಫೀಲ್ಡ್‌ವರೆಗೂ ಓಡುವುದರಿಂದ ವೈಟ್‌ಫೀಲ್ಡ್ ಕಡೆಯ ಮೀಟಪ್‌ಗಳು ಮೊದಲಿಗಿಂತ ಹತ್ತಿರವಾಗಿವೆ. ಮಂಡ್ಯದ ಹುಡುಗರು ಬೈಕಿನಲ್ಲಿ ಹೋಗುವ ಯೋಚನೆ ಮಾಡುತ್ತಾರೆ. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಅಷ್ಟು ದೂರ ಆಯಾಸ ಮಾಡಿಕೊಂಡು ಹೋಗಿ ಭಾಷಣದಲ್ಲಿ ತೂಕಡಿಸುವುದು ಬೇಡ, ರೈಲೇ ಸರಿ.

ಹೋಗುವುದು ಹೇಗೋ ಆಗುತ್ತದೆ. ಬರುವುದು ಕಷ್ಟ. ಎಲ್ಲರೂ ಟೀ ಹಿಡಿದು ಮಾತಿಗೆ ನಿಲ್ಲುವ ಹೊತ್ತಿಗೆ ನಾನು ಗಡಿಯಾರ ನೋಡುತ್ತಿರುತ್ತೇನೆ. ಸಂಜೆಯ ರೈಲು ತಪ್ಪಿದರೆ ಮನೆ ಸೇರುವುದು ನಡುರಾತ್ರಿ. ಹೆಣ್ಣುಮಕ್ಕಳಿಗೆ ಇದು ಸಣ್ಣ ಮಾತಲ್ಲ. ವಾರದ ದಿನ ಸಂಜೆ ಆರೂವರೆಗೆ ಇಟ್ಟುಕೊಳ್ಳುವ ಮೀಟಪ್‌ಗಳಂತೂ ನಮಗೆ ಇಲ್ಲವೇ ಇಲ್ಲ. ಜೊತೆಗೆ ಪ್ರತಿ ಸಲವೂ ಹೊಸ ಮುಖಗಳು. ಹೋದ ಸಲ ಮಾತಾಡಿದವರು ಈ ಸಲ ಇರುವುದಿಲ್ಲ.

ಹೋಟೆಲ್ಲಿನ ನೆಟ್‌ವರ್ಕಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರಾಜ್ಯ ಸರ್ಕಾರ ಬಿಯಾಂಡ್ ಬೆಂಗಳೂರು ಅಂತ ಬೇರೆ ಊರುಗಳಿಗೆ ಐಟಿ ಉದ್ಯಮವನ್ನು ಹರಡಲು ಹೊರಟ ಮೇಲೆ ಮೈಸೂರಿನಲ್ಲೂ ಇವು ಹೆಚ್ಚಿವೆ. ಸ್ಟಾರ್ಟಪ್ ಕಟ್ಟುತ್ತಿರುವವರು ಖಂಡಿತ ಹೋಗಬೇಕು. ಸರ್ಕಾರದ ಎಲಿವೇಟ್ ಯೋಜನೆಯಲ್ಲಿ ಸ್ಟಾರ್ಟಪ್‌ಗಳಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ. ಅದಕ್ಕೆ ಅರ್ಜಿ ಹೇಗೆ ಬರೆಯಬೇಕು ಅಂತ ಈಗಾಗಲೇ ಪಡೆದವರ ಬಾಯಲ್ಲೇ ಕೇಳಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಸರ್ವಿಸ್ ಮಾರುವವರಿಗೂ ಗಿರಾಕಿಗಳು ಸಿಗುತ್ತಾರೆ. ನನ್ನಂಥ ಡೆವಲಪರ್‌ಗೆ? ವೇದಿಕೆ ಮೇಲೆ ಐದು ಜನ ಕೂತು ಎಐ ಭವಿಷ್ಯದ ಬಗ್ಗೆ ಮಾತಾಡುತ್ತಾರೆ, ಪ್ರಶ್ನೆಗೆ ಹೊತ್ತು ಇರುವುದಿಲ್ಲ. ಊಟದ ಸಾಲಿನಲ್ಲಿ ಫೋನು ಚಾಚಿ ಲಿಂಕ್ಡ್‌ಇನ್ ಕ್ಯೂಆರ್ ಸ್ಕ್ಯಾನ್ ಮಾಡಿಕೊಳ್ಳುತ್ತಾರೆ, ಎರಡನೇ ಮಾತಿಗೆ ಮುಂದಿನವರ ಕಡೆ ತಿರುಗುತ್ತಾರೆ. ಒಂದರಲ್ಲಿ ಎರಡು ಸಾವಿರದ ಹತ್ತಿರ ಟಿಕೆಟ್ ತೆಗೆದುಕೊಂಡು ಒಳಗೆ ಹೋದರೆ, ವರ್ಕ್‌ಶಾಪ್ ಅಂತ ಹಾಕಿದ್ದ ಸಮಯದಲ್ಲಿ ಒಂದು ಕಂಪನಿ ತನ್ನ ಸಾಮಾನಿನ ಜಾಹೀರಾತು ಮಾಡಿತು. ಅಷ್ಟು ದುಡ್ಡಿಗೆ ಬೆಂಗಳೂರಿಗೆ ರೈಲಿನಲ್ಲಿ ಎಷ್ಟೋ ಸಲ ಹೋಗಿ ಬರಬಹುದು.

ಆನ್‌ಲೈನ್ ಸೆಷನ್ನಿಗೆ ಪ್ರಯಾಣ ಇಲ್ಲ, ಖರ್ಚಿಲ್ಲ. ಚಿಕ್ಕ ಮಕ್ಕಳಿರುವ ತಾಯಂದಿರಿಗೆ ಅದೊಂದೇ ಬಾಗಿಲು ಎಷ್ಟೋ ಸಲ. ಆದರೆ "ಥ್ಯಾಂಕ್ಯೂ ಆಲ್" ಅಂದ ತಕ್ಷಣ ಪರದೆ ಕಪ್ಪಾಗುತ್ತದೆ. ಆಮೇಲಿನ ಅರ್ಧ ಗಂಟೆ ಅನ್ನುವುದೇ ಇಲ್ಲ.

ಕೆಲಸ ಹುಡುಕುವವರು ಇಲ್ಲಿ ಕೇಳುವ ಪ್ರಶ್ನೆ ನನಗೆ ಗೊತ್ತು. ಜನ ಜಾಸ್ತಿ ಇರುವ ಕಡೆ ಹೋದರೆ ಕೆಲಸ ಬೇಗ ಸಿಗಲ್ವಾ? ಮಾರ್ಕ್ ಗ್ರನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ, ಎಂಥ ಪರಿಚಯದಿಂದ ಕೆಲಸ ಸಿಗುತ್ತದೆ ಅಂತ ವಿಚಾರಿಸಿ 1973ರಲ್ಲಿ ಒಂದು ಲೇಖನ ಬರೆದರು. ಪರಿಚಯಸ್ಥರ ಮೂಲಕ ಹೊಸ ಕೆಲಸ ಸಿಕ್ಕವರನ್ನು, ಆ ಪರಿಚಯಸ್ಥರನ್ನು ಆಗ ಎಷ್ಟು ಸಲ ನೋಡುತ್ತಿದ್ದಿರಿ ಅಂತ ಕೇಳಿದರು. ವಾರಕ್ಕೆ ಎರಡು ಸಲವಾದರೂ ನೋಡುತ್ತಿದ್ದೆವು ಅಂದವರು ಶೇಕಡ 16.7 ಮಾತ್ರ. ವರ್ಷಕ್ಕೆ ಒಂದು ಸಲ ಅಥವಾ ಅದಕ್ಕಿಂತ ಕಡಿಮೆ ಅಂದವರು ಶೇಕಡ 27.8. ಇವೆರಡರ ಮಧ್ಯದವರು ಶೇಕಡ 55.6. ಹತ್ತಿರದ ಗೆಳೆಯರಿಗೆ ಗೊತ್ತಿರುವ ಸುದ್ದಿ ನಮಗೂ ಗೊತ್ತಿರುತ್ತದೆ, ಸ್ವಲ್ಪ ದೂರದವರಿಂದಲೇ ಹೊಸ ಸುದ್ದಿ ಬರುತ್ತದೆ ಅನ್ನುವುದು ಅವರ ವಾದ. ಅವರು ವಿಚಾರಿಸಿದ್ದು ಅಮೆರಿಕದ ಒಂದೇ ಊರಿನ ಕೆಲವೇ ಜನರನ್ನು. ಆದರೂ ನನ್ನ ಸುತ್ತ ನೋಡಿದರೆ ಹೊಂದುತ್ತದೆ. ತಿಂಗಳಿಗೊಮ್ಮೆ ಅದೇ ಹಾಲಿನಲ್ಲಿ ಸಿಗುವವರು ಆ ಮಧ್ಯದ ಗುಂಪಿನವರೇ ಅಲ್ವಾ? ಮೇಲೆ ಹೇಳಿದ ಆಸ್ಪತ್ರೆ ಸಾಫ್ಟ್‌ವೇರಿನ ಹುಡುಗನಿಗೆ ಮುಂದಿನ ಕೆಲಸದ ಸುಳಿವು ಕೊಟ್ಟವರು ಆ ಟೀ ಕಪ್ಪಿನ ಹಿರಿಯರೇ. ಅವನು ಹೇಗೆ ಯೋಚಿಸುತ್ತಾನೆ ಅಂತ ಅವರು ಕಣ್ಣಾರೆ ನೋಡಿದ್ದರು. ಹೋಟೆಲ್ಲಿನ ಊಟದ ಸಾಲಿನಲ್ಲಿ ಅದನ್ನು ತೋರಿಸುವುದು ಸಾಧ್ಯವೇ ಇಲ್ಲ.

ಹಾಗಾಗಿ ವಿದ್ಯಾರ್ಥಿಗಳಿಗೆ, ಕೆಲಸಕ್ಕೆ ಹೊಸಬರಿಗೆ ನಾನು ಮೈಸೂರಿನ ಮೀಟಪ್ಪನ್ನೇ ಹೇಳುತ್ತೇನೆ. ಒಂದು ಸಲ ಹೋಗಿ ಚೆನ್ನಾಗಿಲ್ಲ ಅಂತ ಬಿಡಬೇಡಿ, ಮುಖ ಪರಿಚಯ ಆಗುವಷ್ಟಾದರೂ ಹೋಗಿ. ಮಂಡ್ಯದಿಂದ ರೈಲಿನಲ್ಲಿ ಒಂದು ಗಂಟೆಯೊಳಗೆ ಬಂದುಬಿಡಬಹುದು. ಒಬ್ಬರೇ ಬರಲು ಮುಜುಗರವಾದರೆ ಸಂಘಟಕರಿಗೆ ಮೊದಲೇ ಮೆಸೇಜ್ ಹಾಕಿ, ಕುರ್ಚಿ ಜೋಡಿಸಲು ಬರುತ್ತೇನೆ ಅನ್ನಿ. ಕೆಲಸ ಕೈಗೆ ಬಂದರೆ ಮಾತು ತಾನಾಗಿ ಬರುತ್ತದೆ. ಹಾಲಿನಲ್ಲಿ ಹೆಣ್ಣುಮಕ್ಕಳು ಕಡಿಮೆ ಇರುತ್ತಾರೆ, ಗೆಳತಿಯನ್ನೂ ಕರೆತನ್ನಿ.

ಐದಾರು ವರ್ಷ ಕೆಲಸ ಮಾಡಿದವರು ಬೆಂಗಳೂರಿಗೂ ಹೋಗಿ, ಆದರೆ ವಿಷಯ ನೋಡಿ ಹೋಗಿ. ಕೇಳಬೇಕಾದ ಒಂದು ಪ್ರಶ್ನೆ ಜೇಬಿನಲ್ಲಿ ಇಲ್ಲದಿದ್ದರೆ ಆ ಪ್ರಯಾಣ ದಂಡ. ಸಾಧ್ಯವಾದರೆ ಅಲ್ಲೇ ನೆಂಟರ ಮನೆಯಲ್ಲೋ ಗೆಳತಿಯ ಪಿಜಿಯಲ್ಲೋ ಉಳಿದುಕೊಳ್ಳಿ, ಆಗ ರೈಲಿನ ಗಡಿಬಿಡಿ ಇಲ್ಲದೆ ಕೊನೆಯವರೆಗೂ ನಿಂತು ಮಾತಾಡಬಹುದು. ಅಲ್ಲಿ ಕೇಳಿದ್ದನ್ನು ಬಂದು ಇಲ್ಲಿ ಹದಿನೈದು ನಿಮಿಷ ಹೇಳಿ. ನಮ್ಮ ಗುಂಪುಗಳಿಗೆ ಸ್ಪೀಕರ್‌ಗಳ ಕೊರತೆ ನೀಗುವುದು ಹೀಗೆಯೇ. ಎರಡೂ ಒಂದೇ ಶನಿವಾರ ಬಿದ್ದರೆ ನಾನು ಮೈಸೂರಿನದ್ದಕ್ಕೆ ಹೋಗುತ್ತೇನೆ. ಬೆಂಗಳೂರಿನ ಭಾಷಣದ ವಿಡಿಯೋ ಒಂದೆರಡು ವಾರದಲ್ಲಿ ಬರುತ್ತದೆ.